ಸೇಫ್ಟಿ ರಾಯರು

ಬರ್ಮಿಂಗ್‌ಹ್ಯಾಮ್ ಪಕ್ಕದ ಸೋಲಿಹಲ್‌ನಲ್ಲಿ ಒಬ್ಬರಿದ್ದಾರೆ, ಮ್ಯಾಂಚೆಸ್ಟರ್ ಕಡೆಯ ಚೀಡಲ್‌ನಲ್ಲಿ ಇನ್ನೊಬ್ಬರು, ಲೀಡ್ಸಿನ ರೌಂಡ್‌ಹೇಯಲ್ಲಿ ಮತ್ತೊಬ್ಬರು. ಊರು ಬೇರೆ, ಅಚ್ಚು ಒಂದೇ. ಬಾಡಿಗೆಗೆ ಹಿಡಿದ ಶಾಲೆಯ ಹಾಲ್‌ನಲ್ಲಿ ಯುಗಾದಿ ಕಾರ್ಯಕ್ರಮ, ಮಕ್ಕಳ ಕೋಲಾಟ ಮುಗಿದು ಬಿಸಿಬೇಳೆಬಾತಿನ ಘಮ ಎದ್ದ ಗಳಿಗೆಗೆ ಸರಿಯಾಗಿ ಮೈಕು ಹಿಡಿಯುವವರು ಇವರೇ. “ಎರಡೇ ಮಾತು” ಎಂದು ಶುರು. ವಿಷಯ: ಹದಿಹರೆಯದವರು ಮತ್ತು ಸೋಷಿಯಲ್ ಮೀಡಿಯಾ. ಜನ ಇಟ್ಟ ಹೆಸರು ಸೇಫ್ಟಿ ರಾಯರು.

ರಾಯರಿಗೆ ಕಾನೂನು ಕಂಠಪಾಠ. ಬ್ರಿಟನ್ನಿನ ಆನ್‌ಲೈನ್ ಸೇಫ್ಟಿ ಆ್ಯಕ್ಟ್ ಬಂದದ್ದು 2023ರಲ್ಲಿ, ಮಕ್ಕಳನ್ನು ಕಾಯುವ ನಿಯಮಗಳು ಜಾರಿಯಾದದ್ದು 2025ರ ಜುಲೈ 25ಕ್ಕೆ, ಉಸ್ತುವಾರಿ ಆಫ್‌ಕಾಮ್‌ನದು, ತಪ್ಪಿದ ಕಂಪನಿಗೆ 1.8 ಕೋಟಿ ಪೌಂಡ್ ಅಥವಾ ಜಗತ್ತಿನಾದ್ಯಂತದ ವರಮಾನದ ಶೇ. 10, ಯಾವುದು ಹೆಚ್ಚೋ ಅಲ್ಲಿಯವರೆಗೂ ದಂಡ. ಇಷ್ಟನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ಹಿಂದಿನ ಸಾಲಿನಿಂದ ಯಾರಾದರೂ “ನಿಮ್ಮ ಮಗಳ ಅಕೌಂಟ್ ಪ್ರೈವೇಟಾ, ಪಬ್ಲಿಕ್ಕಾ?” ಎಂದರೆ ಮಾತ್ರ, “ಊಟ ತಣ್ಣಗಾಗುತ್ತೆ, ನಡೀರಿ” ಎನ್ನುತ್ತಾರೆ.

ಮಗಳದು ಪ್ರೈವೇಟೇ. 2024ರಲ್ಲಿ ಇನ್‌ಸ್ಟಾಗ್ರಾಮ್ ತಂದ ಟೀನ್ ಅಕೌಂಟ್‌ನಲ್ಲಿ ವಯಸ್ಸು ನಿಜ ಹೇಳಿದ ಹುಡುಗ ಹುಡುಗಿಯರ ಖಾತೆಗೆ ತಾನಾಗಿಯೇ ಬೀಗ ಬೀಳುತ್ತದೆ. ಗುರುತಿಲ್ಲದವರ ಮೆಸೇಜು ಬರುವುದಿಲ್ಲ. 16ರೊಳಗಿನವರು ಅದನ್ನು ಸಡಿಲಿಸಲು ಹೆತ್ತವರ ಒಪ್ಪಿಗೆ ಬೇಕು. ಊರಿಗೆಲ್ಲ ತೆರೆದಿರುವುದು ಅಪ್ಪನ ಫೇಸ್‌ಬುಕ್ಕು. ಅಲ್ಲೊಂದು ಫೋಟೋ ಇದೆ: ಮನೆಯ ಮುಂಬಾಗಿಲಲ್ಲಿ ಮಗಳು, ಬ್ಲೇಜರಿನ ಮೇಲೆ ಶಾಲೆಯ ಲಾಂಛನ, ಹೆಗಲ ಪಕ್ಕಕ್ಕೆ ಮನೆ ನಂಬರು, ಮೂಲೆಯಲ್ಲಿ ಕಾರಿನ ನಂಬರು. ಕೆಳಗೆ ರಾಯರ ಒಕ್ಕಣೆ: “ನಮ್ಮ ಬಂಗಾರಿಗೆ ಇವತ್ತಿಗೆ 14 ತುಂಬಿತು. ದಿನಾ ಒಬ್ಬಳೇ ಬಸ್ಸಿನಲ್ಲಿ ಶಾಲೆಗೆ ಹೋಗುವ ಜಾಣೆ!” ಪತ್ತೇದಾರನಿಗೆ ಇನ್ನು ಉಳಿದ ಕೆಲಸವೇನು? “ಅಪ್ಪಾ, ತೆಗೀರಿ” ಎಂದು ಮಗಳು ಬೇಡಿದರೆ, “ತುಮಕೂರಿನ ಅತ್ತೆ ನೋಡಬೇಡ್ವಾ?” ಎಂಬ ಉತ್ತರ.

ಇಷ್ಟಕ್ಕೇ ಸುಮ್ಮನಿದ್ದರೆ ಅವರು ರಾಯರಲ್ಲ. ಮಗಳ ಸ್ನೇಹಿತರು ಎಂಥವರೆಂದು ಪತ್ತೆ ಹಚ್ಚಲು ತಾವೇ ಒಂದು ಕಳ್ಳ ಖಾತೆ ತೆರೆದರು. ಹೆಸರು ‘ಕೂಲ್ ಬಾಯ್’, ವಯಸ್ಸು 15, ಫೋಟೋ ಪುನೀತ್ ರಾಜ್‌ಕುಮಾರ್‌ದು. ಹವ್ಯಾಸ: ಗಣಿತ, ವಾಕಿಂಗ್. ಮಗಳಿಗೆ ಫಾಲೋ ರಿಕ್ವೆಸ್ಟ್ ಹೋಯಿತು. ಅವಳು ಶಾಲೆಯಲ್ಲಿ ಕಲಿಸಿದ ಹಾಗೆ ಬ್ಲಾಕ್ ಮಾಡಿದಳು, ರಿಪೋರ್ಟ್ ಒತ್ತಿದಳು, ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿಯೂ ಬಿಟ್ಟಳು.

“ಅಪ್ಪಾ, ಯಾರೋ ದೊಡ್ಡೋರು ಹುಡುಗನ ಥರ ನಾಟಕ ಆಡ್ತಿದ್ದಾರೆ. ಹದಿನೈದು ವರ್ಷಕ್ಕೆ ಯಾರಿಗಾದ್ರೂ ವಾಕಿಂಗ್ ಹವ್ಯಾಸ ಇರುತ್ತಾ?”

ರಾಯರ ಕೈ ಹುಳಿಯನ್ನದಲ್ಲೇ ನಿಂತಿತು. “ಏನ್ರೀ, ಹೀಗೆ ಬೆವರ್ತಿದ್ದೀರಿ? ಹೀಟಿಂಗ್ ಕಮ್ಮಿ ಮಾಡ್ಲಾ?” ಎಂದರು ಹೆಂಡತಿ. ಮಾನ ಉಳಿಸಿಕೊಳ್ಳಲು ರಾಯರಿಗೆ ದಾರಿ ಒಂದೇ ಇತ್ತು: “ಇಂಥದ್ದೆಲ್ಲ ಬರುತ್ತೆ ಅಂತ ನಾನು ಮೊದಲೇ ಹೇಳಿರಲಿಲ್ವಾ? ತಾ ಇಲ್ಲಿ ಫೋನು!”

ಮಾಡಬೇಕಾದ್ದೆಲ್ಲ ಮಾಡಿದ ಹುಡುಗಿಗೆ ಶಿಕ್ಷೆ, ವೇಷ ಹಾಕಿದವರಿಗೆ ಎರಡನೇ ಸಲ ತುಪ್ಪ. ಅವತ್ತು ಮಗಳು ಕಲಿತ ಪಾಠ ಇಷ್ಟೇ: ಇನ್ನೊಮ್ಮೆ ಏನಾದರೂ ಬಂದರೆ ಅಪ್ಪನಿಗೆ ಹೇಳಬಾರದು.

ಇಲ್ಲಿಗೆ ನಗು ಮುಗಿಯಿತು. ಫೋಟೋ ಕೇಳಿ, ಅದನ್ನೇ ಹಿಡಿದು ದುಡ್ಡಿಗೆ ಬೆದರಿಸುವ ದಂಧೆಯ ಬಗ್ಗೆ ನ್ಯಾಷನಲ್ ಕ್ರೈಮ್ ಏಜೆನ್ಸಿ 2024ರ ಏಪ್ರಿಲ್‌ನಲ್ಲಿ ಶಿಕ್ಷಕರನ್ನು ಎಚ್ಚರಿಸಿತ್ತು. ಬಲೆಗೆ ಬಿದ್ದವರಲ್ಲಿ ಹುಡುಗರೂ ಬಹಳ ಮಂದಿ. ಆ ದಂಧೆಯವರ ಬಂಡವಾಳ ಒಂದೇ, ಮಗು ಮನೆಯಲ್ಲಿ ಬಾಯಿ ಬಿಡುವುದಿಲ್ಲ ಎಂಬ ಭರವಸೆ. ಫೋನ್ ಕಿತ್ತುಕೊಳ್ಳುವ ಅಪ್ಪಂದಿರು ಆ ಬಂಡವಾಳಕ್ಕೆ ಬಡ್ಡಿ ಸೇರಿಸುತ್ತಾರೆ.

ಮನೆಯಲ್ಲಿ ಹೇಳಲಾಗದ ಮಕ್ಕಳಿಗೆ ಚೈಲ್ಡ್‌ಲೈನ್ ಇದೆ: 0800 1111, ಬ್ರಿಟನ್ನಿನಲ್ಲಿ ಉಚಿತ. 18ರೊಳಗಿನವರು ತಮ್ಮ ನಗ್ನಚಿತ್ರ ಹರಡದಂತೆ ತಡೆಯಲು ಅದೇ ಚೈಲ್ಡ್‌ಲೈನ್ ಮತ್ತು ಇಂಟರ್ನೆಟ್ ವಾಚ್ ಫೌಂಡೇಶನ್ ನಡೆಸುವ ‘ರಿಪೋರ್ಟ್ ರಿಮೂವ್’ ಇದೆ. ನಿಮ್ಮ ಮಕ್ಕಳಿಗೆ ಎರಡೂ ಗೊತ್ತಿರಲಿ. ಅದಕ್ಕೂ ಮೊದಲು ರಾಯರಂಥವರು ಮಾಡಬೇಕಾದ್ದು ಎರಡಿದೆ. ಮಗಳ ಫೋಟೋ ಹಾಕುವ ಮುಂಚೆ ಮಗಳನ್ನು ಕೇಳಿ. “ಏನೇ ಆಗಲಿ ಬಂದು ಹೇಳು, ಫೋನ್ ಕಿತ್ಕೊಳ್ಳಲ್ಲ” ಎಂದು ಇವತ್ತೇ ಮಾತು ಕೊಡಿ. ಕೊಟ್ಟ ಮೇಲೆ ತಪ್ಪಬೇಡಿ.