ಹಂಗೇ ಹಿಡ್ಕೊಳ್ಳಿ: ಮದುವೆ ಛಾಯಾಗ್ರಹಣದ ಮೂಲತತ್ವಗಳು

ಮದುವೆ ಛಾಯಾಗ್ರಹಣ ಕ್ಷೇತ್ರದಲ್ಲಿ ನನಗೆ ಸುದೀರ್ಘ ಅನುಭವವಿದೆ. ಬೆಳಗಿನ ನಾಲ್ಕೂವರೆಗೆ ಶುರುವಾದದ್ದು ಮಧ್ಯಾಹ್ನ ಮೂರರವರೆಗೂ ಇತ್ತು. ಆ ಅವಧಿಯಲ್ಲಿ ಕಂಡುಕೊಂಡ ತತ್ವಗಳನ್ನು ಮುಂದಿನ ಪೀಳಿಗೆಗೆ ದಾಟಿಸದೆ ಹೋದರೆ ನಾಡಿಗೆ ನಷ್ಟವೆಂದು ಅನ್ನಿಸಿರುವುದರಿಂದಲೂ, ಚಿಕ್ಕಮ್ಮನ ಮನೆ ಕಡೆ ಸದ್ಯಕ್ಕೆ ತಲೆ ಹಾಕುವ ಹಾಗಿಲ್ಲದೆ ಭಾನುವಾರಗಳು ಬಿಡುವಾಗಿರುವುದರಿಂದಲೂ ಈ ಬರಹ.

ತಿಪಟೂರಿನ ಒಂದು ಕಲ್ಯಾಣ ಮಂಟಪದಲ್ಲಿ ಚಿಕ್ಕಮ್ಮನ ಮಗಳ ಮದುವೆ. ಚಿಕ್ಕಪ್ಪ ಫೋನ್ ಮಾಡಿ, “ನಿನ್ಹತ್ರ ಅಷ್ಟು ದೊಡ್ಡ ಕ್ಯಾಮೆರಾ ಇದೆಯಲ್ಲೋ, ಫೋಟೋದವನಿಗೆ ಯಾಕೆ ದುಡ್ಡು ಸುರೀಬೇಕು? ಆ ದುಡ್ಡಲ್ಲಿ ಜಹಾಂಗೀರು ಮಾಡಿಸ್ತೀನಿ” ಎಂದರು. ಒಪ್ಪಿಕೊಂಡೆ. ಅರ್ಹತೆಯ ಬಗ್ಗೆ ನನಗೆ ಅನುಮಾನವಿರಲಿಲ್ಲ. ಮೂರು ವರ್ಷ ರಂಗನತಿಟ್ಟಿನಲ್ಲಿ ದೋಣಿ ಹತ್ತಿ ಬಣ್ಣದ ಕೊಕ್ಕರೆಗಳ ಫೋಟೋ ತೆಗೆದವನು ನಾನು. ಕೊಕ್ಕರೆ ತೆಗೆದವನಿಗೆ ಮದುಮಗಳು ಯಾವ ಲೆಕ್ಕ? ವ್ಯತ್ಯಾಸ ಗೊತ್ತಾದದ್ದು ಆಮೇಲೆ. ಕೊಕ್ಕರೆ ಗೂಡಿನ ಪಕ್ಕ ಗಂಟೆಗಟ್ಟಲೆ ಅಲುಗದೆ ನಿಲ್ಲುತ್ತದೆ. ಕಣ್ಣು ಮುಚ್ಚಿದರೂ ದೂರದಿಂದ ಯಾರಿಗೂ ತಿಳಿಯುವುದಿಲ್ಲ. “ನಾನು ದಪ್ಪ ಕಾಣ್ತೀನಾ?” ಎಂದು ಕೇಳುವುದಿಲ್ಲ. ಅದರ ಬೀಗರು ಬೇರೆ ಕೊಂಬೆಯಲ್ಲಿರುತ್ತಾರೆ.

ಮೊದಲು ಬೆಳಕಿನ ವಿಚಾರ. ಕ್ಯಾಮೆರಾದೊಳಗಿನ ಮಾಪಕವು ಲೋಕವೆಲ್ಲ ಸರಾಸರಿ ಬೂದು ಬಣ್ಣದ್ದು ಎಂದು ನಂಬಿಕೊಂಡು ಕೆಲಸ ಮಾಡುತ್ತದೆ. ಆ ಬೂದಿಗೆ 18 ಪರ್ಸೆಂಟ್ ಗ್ರೇ ಎಂಬ ಹೆಸರೂ ಇದೆ. ಬೂದು ಕೊಕ್ಕರೆಗೆ ಈ ಸಿದ್ಧಾಂತ ಒಗ್ಗುತ್ತದೆ. ಆದರೆ ಬಿಳಿ ಪಂಚೆ, ಬಿಳಿ ಶಲ್ಯ, ಬಿಳಿ ಪೇಟದ ಗಂಡನ್ನು ಕಂಡರೆ ಮಾಪಕ ಬೆಚ್ಚಿಬಿದ್ದು, ಇಷ್ಟು ಬಿಳುಪು ಸಾಧ್ಯವಿಲ್ಲವೆಂದು ತೀರ್ಮಾನಿಸಿ, ಇಡೀ ವರಪೂಜೆಯನ್ನು ಬೂದಿಗೆ ಇಳಿಸಿಬಿಡುತ್ತದೆ. ತಿಳಿದವರು ಎಕ್ಸ್‌ಪೋಷರ್ ಒಂದು ಮೆಟ್ಟಿಲು ಏರಿಸುತ್ತಾರಂತೆ. ನಾನು ಯಂತ್ರದ ಆತ್ಮಸಾಕ್ಷಿಯನ್ನು ಗೌರವಿಸುವವನು. ಫೋಟೋ ನೋಡಿದ ಬೀಗಿತ್ತಿ “ನಾವೇನು ಒಗೆದ ಪಂಚೆ ಉಡಿಸ್ಕೊಂಡು ಬಂದಿದ್ವಾ?” ಎಂದು ಅಂಗಡಿಯ ರಸೀತಿ ತೆಗೆದು ತೋರಿಸಿದರು. ರಸೀತಿಯ ಫೋಟೋ ತೆಗೆದೆ. ಅದೂ ಬೂದಾಗಿಯೇ ಬಂತು. ಸಿದ್ಧಾಂತ ರುಜುವಾತಾಯಿತು.

ಫ್ಲ್ಯಾಶನ್ನು ನೇರವಾಗಿ ಮುಖಕ್ಕೆ ಹೊಡೆಯಬಾರದು, ಚಾವಣಿಗೆ ಬಡಿದು ಮೆತ್ತಗೆ ಕೆಳಗಿಳಿಯುವಂತೆ ಮಾಡಬೇಕು ಎಂಬುದು ಈ ವಿದ್ಯೆಯ ಸರ್ವಸಮ್ಮತ ನಿಯಮ. ಯಾವ ಚಾವಣಿ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಮಂಟಪದ ಚಾವಣಿ ಪಾಚಿ ಹಸಿರು. ಮದುಮಗಳ ಕಡೆಯವರೆಲ್ಲ ಅರಿಶಿನ ಶಾಸ್ತ್ರದ ಫೋಟೋಗಳಲ್ಲಿ ಕಾಮಾಲೆಯಿಂದ ಈಗಷ್ಟೇ ಎದ್ದುಬಂದ ಹಾಗಿದ್ದಾರೆ.

ಇನ್ನು ಅಪರ್ಚರ್. ಹಿನ್ನೆಲೆ ಬೆಣ್ಣೆಯಂತೆ ಕರಗಿ ವ್ಯಕ್ತಿಯೊಬ್ಬರೇ ಎದ್ದು ಕಾಣಬೇಕೆಂಬ ಆಸೆಗೆ 50 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ತೆರೆದಿಟ್ಟೆ. ಹಾಗೆ ತೆರೆದರೆ ಒಂದೂವರೆ ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ನಾಲ್ಕೈದು ಬೆರಳಷ್ಟು. ಬಾಸಿಂಗ ಕಟ್ಟಿದ ಹಣೆಯಲ್ಲಿ ಆ ನಾಲ್ಕು ಬೆರಳು ಬಾಸಿಂಗಕ್ಕೇ ಖರ್ಚಾದವು. ಮುತ್ತುಗಳನ್ನು ಒಂದೊಂದಾಗಿ ಎಣಿಸಬಹುದು, ಹಿಂದಿರುವುದು ನಮ್ಮ ಹುಡುಗಿಯೇ ಎಂಬುದನ್ನು ನಂಬಿಕೆಯ ಮೇಲೆ ಒಪ್ಪಬೇಕು. ಆದರೂ ನಿಜವಾದ ತೊಡಕು ತಾಂತ್ರಿಕವಲ್ಲ. ಮದುವೆಯಲ್ಲಿ ಹಿನ್ನೆಲೆ ಎಂದರೆ ಸೋದರತ್ತೆಯರು. ದಾವಣಗೆರೆಯಿಂದ ರಾತ್ರಿ ಬಸ್ಸಿಗೆ, ಮೈಸೂರು ಸಿಲ್ಕ್ ಉಟ್ಟು ಬಂದವರು ಮಬ್ಬಾಗುವುದಕ್ಕೆ ಬಂದಿರುವುದಿಲ್ಲ.

ಮಿತವ್ಯಯದ ಬಗ್ಗೆಯೂ ಎರಡು ಮಾತು ಹೇಳಬೇಕು. ಹಿಂದಿನವರ ಬಳಿ ರೋಲಿಗೆ 36 ಫೋಟೋ. ಅಷ್ಟರಲ್ಲೇ ಅವರು ಮದುಮಗಳ ಕೈಗೆ ಟೆಲಿಫೋನ್ ರಿಸೀವರ್ ಕೊಟ್ಟು ಒಂದು, ತಾವರೆ ಹೂವಿನೊಳಗೆ ಗಂಡುಹೆಣ್ಣನ್ನು ಕೂರಿಸಿ ಒಂದು, ಎಲ್ಲ ಮುಗಿಸುತ್ತಿದ್ದರು. ನನ್ನ ಬಳಿ 32 ಜಿಬಿ ಕಾರ್ಡಿತ್ತು. ರಾ ಫೈಲೊಂದಕ್ಕೆ ಸುಮಾರು 25 ಎಂಬಿ ಎಂದರೂ 1,200ಕ್ಕೂ ಹೆಚ್ಚು ಫೋಟೋ ಹಿಡಿಯುವಷ್ಟು ಜಾಗ. ಇದು ತೀರಿಹೋಗುವ ಸಂಪತ್ತಲ್ಲವೆಂದು ನಿರ್ಧರಿಸಿ, ಕಾಶಿಯಾತ್ರೆಯಲ್ಲಿ ಸೆಕೆಂಡಿಗೆ ಹತ್ತರಂತೆ ಬಟನ್ ಒತ್ತಿ ಹಿಡಿದೆ. ಗಂಡು ಛತ್ರಿ ಬಿಡಿಸಿ, ಕೋಲು ಹಿಡಿದು, ಮಂಟಪದ ಬಾಗಿಲವರೆಗೆ ಹೋದ. ಚಿಕ್ಕಪ್ಪ “ಸನ್ಯಾಸ ಬೇಡ, ನನ್ನ ಮಗಳನ್ನ ಕೊಡ್ತೀನಿ, ವಾಪಸ್ ಬನ್ನಿ” ಎಂದು ಬೇಡಿಕೊಂಡರು. ಈ ಘಟನೆಗೆ 410 ಫೋಟೋಗಳಿವೆ. ಬಿಡಿಸುತ್ತಿರುವ ಛತ್ರಿ, ಇನ್ನಷ್ಟು ಬಿಡಿಸಿದ ಛತ್ರಿ, ಪೂರ್ತಿ ಬಿಡಿಸಿದ ಛತ್ರಿ. ಸಾಲಾಗಿ ಓಡಿಸಿದರೆ ಗಂಡು ನಿಜಕ್ಕೂ ಕಾಶಿ ತಲುಪಿಬಿಡಬಹುದೆಂಬ ಆತಂಕ ಮೂಡುತ್ತದೆ. ಇದಲ್ಲದೆ, ಬಾಗಿಲಿಗೆ ಕಟ್ಟಿದ್ದ ಬಾಳೆಕಂದಿನ ಮೂತಿಗೆ ಬೆಳಗಿನ ಜಾವ ಒಂದು ಸೂರಕ್ಕಿ ಬಂದಿತ್ತು. ಅದರದ್ದು 140. ಇಡೀ ಆಲ್ಬಮ್ಮಿನಲ್ಲಿ ಕಣ್ಣು ಸ್ಪಷ್ಟವಾಗಿ ಮೂಡಿರುವುದು ಅದೊಂದರದ್ದೇ.

ಈಗ ನನ್ನ ಮುಖ್ಯ ಕೊಡುಗೆಗೆ ಬರುತ್ತೇನೆ, ಅದಕ್ಕೆ ಬೆನ್ನು ಶಾಸ್ತ್ರವೆಂದು ಹೆಸರಿಟ್ಟಿದ್ದೇನೆ. ಮದುವೆಯ ಯಾವ ಘಳಿಗೆ ಎಷ್ಟು ಮುಖ್ಯವೋ, ಅದರ ಮುಂದೆ ಅಷ್ಟು ಬೆನ್ನುಗಳು ನಿಲ್ಲುತ್ತವೆ. ಗಣೇಶನ ಪೂಜೆಗೆ ಬೆನ್ನೇ ಇರುವುದಿಲ್ಲ. ಧಾರೆಗೆ ನಾಲ್ಕು. ಮಾಂಗಲ್ಯಕ್ಕೆ ಎಣಿಕೆ ಸಿಗಲಿಲ್ಲ. ಬಾಡಿಗೆಯ ಫೋಟೋಗ್ರಾಫರ್ “ಸೈಡ್ ಸಾರ್, ಸೈಡ್” ಎಂದರೆ ಅದು ವೃತ್ತಿ, ಎಲ್ಲರೂ ಸರಿಯುತ್ತಾರೆ. ಅದೇ ಮಾತನ್ನು ನಾನು ಆಡಿದರೆ ಅಹಂಕಾರ. ದೊಡ್ಡಪ್ಪನಿಗೆ “ಸ್ವಲ್ಪ ಸರಿಯಿರಿ” ಎಂದದ್ದಕ್ಕೆ ಅವರು ತಿರುಗಿ ನೋಡಿದ ನೋಟದಲ್ಲಿ 1987ರ ಜಮೀನು ಪಾಲಿನ ಪೂರ್ತಿ ವಿವರವಿತ್ತು. ಚಿಕ್ಕಪ್ಪ ಉಳಿಸಿದ ದುಡ್ಡಿನಲ್ಲಿ ಮುಖ್ಯವಾಗಿ ಕೈತಪ್ಪಿದ್ದು ಕೌಶಲವಲ್ಲ, ಈ ಒಂದು ಅಧಿಕಾರ. ಫೋಟೋ ತೆಗೆಯುವವನು ಮದುವೆ ಮನೆಗೆ ಏನೂ ಆಗಿರಬಾರದು.

ಅಂತರಪಟದ ಹೊತ್ತಿಗೆ ನಾನು ಬೆನ್ನುಗಳ ಸಂದಿಯಲ್ಲಿ ನುಸುಳಿ, ಎಲ್ಲರಿಗಿಂತ ಮುಂದೆ ಜಾಗ ಹಿಡಿದಿದ್ದೆ. ಎದುರಿಗೆ ಬಿಳಿ ಬಟ್ಟೆ, ನಡುವೆ ಕುಂಕುಮದ ಸ್ವಸ್ತಿಕ. ಬಟ್ಟೆಯ ಆಚೆಗೆ ಗಂಡು, ಈಚೆಗೆ ಹೆಣ್ಣು, ಇಬ್ಬರ ಮುಷ್ಟಿಯಲ್ಲೂ ಜೀರಿಗೆ ಬೆಲ್ಲ. ಮಂಗಳಾಷ್ಟಕ ಮುಗಿಯುತ್ತಿದ್ದ ಹಾಗೆ ಬಟ್ಟೆ ಕೆಳಗೆ ಜಾರಿತು. ಗಂಡಿನ ಗೆಳೆಯರು ಅವನನ್ನು ಎತ್ತಿದರು. ನಮ್ಮ ಹುಡುಗಿಯನ್ನು ಅವಳ ಸೋದರಮಾವ ಅದಕ್ಕಿಂತ ಮೇಲೆ ಎತ್ತಿದ. ಅವಳು ನಾಲಿಗೆ ಕಚ್ಚಿಕೊಂಡು, ತೋಳು ಚಾಚಿ, ಅಂಗೈಯಲ್ಲಿದ್ದಷ್ಟನ್ನೂ ಅವನ ನೆತ್ತಿಗೆ ಒತ್ತಿಯೇ ಬಿಟ್ಟಳು. ಬೆಲ್ಲದ ನೀರು ಅವನ ಕಿವಿಯ ಪಕ್ಕದಲ್ಲಿ ಇಳಿದು ಕೊರಳ ಹಾರಕ್ಕೆ ಸೇರಿತು. ಅವಳು ನಕ್ಕಳು. ಇದನ್ನೆಲ್ಲ ನಾನು ಬರಿಗಣ್ಣಿನಿಂದ ನೋಡಿದೆ. ಕ್ಯಾಮೆರಾ ಆಗ ಬಟ್ಟೆಯ ಮೇಲಿನ ಸ್ವಸ್ತಿಕಕ್ಕೆ ಫೋಕಸ್ ಕೂಡಿಸಿಕೊಂಡು, ಜಾರಿಹೋದ ಬಟ್ಟೆಯನ್ನು ಹುಡುಕುತ್ತಿತ್ತು.

ಆಮೇಲೆ ಪುರೋಹಿತರು “ಗಟ್ಟಿಮೇಳ, ಗಟ್ಟಿಮೇಳ” ಎಂದು ಕೂಗಿದರು. ಓಲಗ ಏರಿತು, ಡೋಲು ಏರಿತು, ಅಕ್ಷತೆ ಆಲಿಕಲ್ಲಿನಂತೆ ಲೆನ್ಸಿಗೆ ಬಡಿಯಿತು. ನಾನು ಬಟನ್ ಒತ್ತಿದೆ. ಪರದೆಯ ಮೇಲೆ ಎರಡೇ ಪದ ಬಂತು: ಕಾರ್ಡ್ ಫುಲ್.

ಇಂಥ ಸಂದರ್ಭದಲ್ಲಿ ಗಾಬರಿಯಾಗಬಾರದು. ಬೇಡದ್ದನ್ನು ಅಳಿಸಿ ಜಾಗ ಮಾಡಿಕೊಳ್ಳಬೇಕು. ಹನ್ನೊಂದು ಛತ್ರಿ ಅಳಿಸಿ ತಲೆಯೆತ್ತುವಷ್ಟರಲ್ಲಿ ಮೂರನೇ ಗಂಟೂ ಬಿದ್ದು, ಗಂಡು ಕೈ ಒರೆಸಿಕೊಳ್ಳುತ್ತಿದ್ದ. ವೃತ್ತಿಯಲ್ಲಿ ಇದಕ್ಕೂ ಪರಿಹಾರವಿದೆ, ಎಲ್ಲ ಮದುವೆಗಳಲ್ಲೂ ಕೇಳಿದ್ದೇನೆ. “ಸ್ವಾಮಿ, ಒಂದ್ಸಲ ಹಂಗೇ ಹಿಡ್ಕೊಳ್ಳೋಕೆ ಹೇಳಿ. ಇನ್ನೊಂದ್ಸಲ ಕಟ್ಟೋ ಥರ…”

ಪುರೋಹಿತರು ದರ್ಭೆ ಕೆಳಗಿಟ್ಟರು. “ಕಟ್ಟಿಸೋಕೆ ಮಂತ್ರ ಇದೆಯಪ್ಪ. ಬಿಚ್ಚಿಸೋಕೆ ನನ್ಹತ್ರ ಇಲ್ಲ, ಅದಕ್ಕೆ ಕೋರ್ಟಿದೆ” ಎಂದು ಮುಂದಿನ ಶ್ಲೋಕಕ್ಕೆ ಹೋದರು.

ಚಿಕ್ಕಮ್ಮನಿಗೆ ವಿಷಯ ತಿಳಿಸುವಾಗ ಇತಿಹಾಸದ ನೆರವು ಪಡೆದೆ. ವಿಕ್ಟೋರಿಯಾ ರಾಣಿಯ ಮದುವೆ ಆದದ್ದು 1840ರ ಫೆಬ್ರವರಿಯಲ್ಲಿ. ಫೋಟೋ ತೆಗೆಯುವ ಡಾಗೇರನ ವಿಧಾನ ಪ್ಯಾರಿಸ್ಸಿನಲ್ಲಿ ಬಹಿರಂಗವಾಗಿ ಒಂದು ವರ್ಷವೂ ತುಂಬಿರಲಿಲ್ಲ. ಆ ಮದುವೆಯ ಒಂದೇ ಒಂದು ಫೋಟೋ ಇಲ್ಲ. ಹಾಗೆಂದು ಸಂಸಾರವೇನೂ ನಿಲ್ಲಲಿಲ್ಲ, ಒಂಬತ್ತು ಮಕ್ಕಳಾದವು. ಚಿಕ್ಕಮ್ಮ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡು, “ಆಯಮ್ಮನಿಗೂ ಅಕ್ಕನ ಮಗ ಒಬ್ಬ ನಾನ್ ತೆಗೀತೀನಿ ಅಂತ ಒಪ್ಕೊಂಡಿದ್ನಾ?” ಎಂದರು. ಆಕರಗಳಲ್ಲಿ ಈ ಬಗ್ಗೆ ಉಲ್ಲೇಖವಿಲ್ಲ.

ಆರತಕ್ಷತೆಯ ಬಗ್ಗೆ ಹೇಳುವಂಥದ್ದೇನಿಲ್ಲ. ಮುಯ್ಯಿ ಕವರು ಕೈ ಬದಲಾಯಿಸುವ ಕ್ಷಣ ಸಿಕ್ಕಿದರೆ ಸಾಕು, ಮುಖ ಬಾರದಿದ್ದರೂ ಯಾರೂ ಕೇಳುವುದಿಲ್ಲ. ಊಟದ ಪಂಕ್ತಿಯಲ್ಲಿ ಮಾತ್ರ ಕ್ಯಾಮೆರಾ ತೆಗೆಯಬಾರದು. ತುತ್ತು ಬಾಯಿಗೆ ಹೋಗುವ ಹೊತ್ತಿನಲ್ಲಿ ಯಾರೂ ಬೀಗರಂತೆ ಕಾಣುವುದಿಲ್ಲ. ನಾನು ಕೊನೆಯ ಪಂಕ್ತಿಯಲ್ಲಿ, ಬಡಿಸುವವರ ಜೊತೆ ಕೂತೆ. ಅಷ್ಟರಲ್ಲಿ ಜಹಾಂಗೀರು ಮುಗಿದಿತ್ತು. ತುಂಬ ಚೆನ್ನಾಗಿತ್ತೆಂದು ಎಲ್ಲರೂ ಹೇಳಿದರು.

ಪಕ್ಕದ ಎಲೆಯಲ್ಲಿದ್ದ ಬಡಿಸುವ ಹುಡುಗ ತಿಳಿಸಾರು ಸುರಿಯುತ್ತಾ, ಗಟ್ಟಿಮೇಳದ ಹೊತ್ತಿಗೆ ತಾನೂ ಕುರ್ಚಿ ಹತ್ತಿ ಮೊಬೈಲಲ್ಲಿ ಒಂದು ಹೊಡೆದೆನೆಂದು ತೋರಿಸಿದ. ನಾನು ಅಷ್ಟಾಗಿ ಗಮನ ಕೊಡಲಿಲ್ಲ. ಈಗ ಅದೇ ಫೋಟೋ ದೊಡ್ಡದಾಗಿ ಕಟ್ಟು ಹಾಕಿಸಿಕೊಂಡು ಚಿಕ್ಕಮ್ಮನ ನಡುಮನೆಯಲ್ಲಿದೆ. ತಂಗಿ ವಾಟ್ಸಾಪ್‌ನಲ್ಲಿ ಕಳಿಸಿದಳು. ತಜ್ಞನ ಕಣ್ಣಿನಿಂದ ಪರಿಶೀಲಿಸಿದೆ. ಪಂಚೆ ಬೆಳ್ಳಗೆ ಬಂದಿದೆ, ಅದು ಮೊಬೈಲಿನ ಕೃತಕತೆ. ಗಂಡಿನ ಕೈ, ತಾಳಿಯ ದಾರ, ಅವಳು ಬಗ್ಗಿಸಿದ ಕುತ್ತಿಗೆ, ಹಿಂದಿನ ಸೋದರತ್ತೆಯರು, ಎಲ್ಲವೂ ಇವೆ. ಆದರೆ ಸಂಯೋಜನೆ ಸರಿಯಿಲ್ಲ. ಎಡಗಡೆಯ ಮೂರನೇ ಒಂದು ಭಾಗವನ್ನು ಒಂದು ಬೆನ್ನು ನುಂಗಿದೆ. ಬೆವರಿಗೆ ಅಂಟಿದ ನೀಲಿ ಅಂಗಿ, ಹೆಗಲಿನಿಂದ ಇಳಿದ ಕಪ್ಪು ಪಟ್ಟಿ. ಅದರ ಒಡೆಯ ಮಂಟಪದ ಕಡೆ ನೋಡದೆ, ತಲೆ ತಗ್ಗಿಸಿ, ಹೆಬ್ಬೆರಳಿನಿಂದ ಏನೋ ಅಳಿಸುತ್ತಿದ್ದಾನೆ.