ಇಸ್ತಿಲಾಹ್‌ಸಾಜ್ ಮಹಾಶಯರು

ಇಂಗ್ಲಿಷಿನ ಹೊಸ ಪದವೊಂದು ಕಿವಿಗೆ ಬಿದ್ದೊಡನೆ ಸಾಮಾನ್ಯರು ಅದರ ಅರ್ಥವೇನೆಂದು ವಿಚಾರಿಸುತ್ತಾರೆ. ಅದನ್ನು ವಿಚಾರಿಸುವ ಗೋಜಿಗೇ ಹೋಗದೆ, ಅದಕ್ಕೆ ಹೊಂದುವ ಅರಬ್ಬೀ ಧಾತು ಯಾವುದೆಂದು ಕಣ್ಣು ಮುಚ್ಚಿ ಧ್ಯಾನಿಸತೊಡಗುವವರು ಇಸ್ತಿಲಾಹ್‌ಸಾಜ್ ಎಂಬ ವಿಶಿಷ್ಟ ವರ್ಗಕ್ಕೆ ಸೇರಿದವರು. ಇಸ್ತಿಲಾಹ್ ಎಂದರೆ ಪಾರಿಭಾಷಿಕ ಶಬ್ದ, ಸಾಜ್ ಎಂದರೆ ಅದನ್ನು ಕಟ್ಟುವವನು. ಉರ್ದು ಬಲ್ಲ ಊರುಗಳಲ್ಲೆಲ್ಲ ಈ ವರ್ಗದವರು ಅಲ್ಲಲ್ಲಿ ಕಾಣಿಸಿಕೊಂಡಿದ್ದರೂ, ಅವರಿಗೆ ಸರಕಾರಿ ಸಂಬಳ, ಕುರ್ಚಿ ಮತ್ತು ಸಮಿತಿ ಮೂರೂ ಒಟ್ಟಿಗೆ ದೊರೆತದ್ದು ನಿಜಾಮರ ಹೈದರಾಬಾದಿನಲ್ಲಿ. ಅಲ್ಲಿ 1917ರಲ್ಲಿ ದಾರುತ್ತರ್ಜುಮಾ, ಅಂದರೆ ಭಾಷಾಂತರ ಸಂಸ್ಥೆ, ಮೌಲ್ವಿ ಅಬ್ದುಲ್ ಹಕ್ ಅವರ ನೇತೃತ್ವದಲ್ಲಿ ಆರಂಭವಾಯಿತು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು.

ಶೇರ್ವಾನಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು, ರೂಮಿ ಟೋಪಿಯನ್ನು ಸರಿಪಡಿಸಿಕೊಂಡು ಸಮಿತಿಗೆ ಬಂದು ಕೂರುವ ಈ ಮಹಾಶಯರ ಮುಂದೆ ವೈದ್ಯರೊಬ್ಬರು ಥರ್ಮಾಮೀಟರನ್ನು ಇಟ್ಟರೆ, ಅವರು ಪಾದರಸದ ಕಡೆಗೆ ನೋಡುವುದಿಲ್ಲ. ಅಳತೆಯ ಸಾಧನಕ್ಕೆ ಮಿಕ್ಯಾಸ್, ಶಾಖಕ್ಕೆ ಹರಾರತ್ ಎಂದು ಲೆಕ್ಕ ಹಾಕಿ, ಮಿಕ್ಯಾಸುಲ್-ಹರಾರತ್ ಎಂಬ ಗಂಭೀರವಾದ ಪದವನ್ನು ಘೋಷಿಸುತ್ತಾರೆ. ಅದೇ ದಿನ ಸಂಜೆ ಮನೆಯಲ್ಲಿ ಮಗುವಿಗೆ ಜ್ವರ ಬಂದಾಗ ಬೇಗಂ ಸಾಹೇಬರು ಥರ್ಮಾಮೀಟರ್ ಎಲ್ಲಿ ಎಂದು ಕೂಗುತ್ತಾರೆ, ಮಹಾಶಯರೂ ಹಿಂದೆಮುಂದೆ ನೋಡದೆ ಅದನ್ನು ತೆಗೆದುಕೊಡುತ್ತಾರೆ; ಏಕೆಂದರೆ ಪರಿಭಾಷೆಯು ಗ್ರಂಥಗಳಿಗೆ ಸೇರಿದ್ದೇ ಹೊರತು ಜ್ವರಕ್ಕಲ್ಲ ಎಂಬ ವಿವೇಕ ಅವರಿಗೂ ಇದೆ. ಧ್ವನಿಯನ್ನು ದೊಡ್ಡದು ಮಾಡುವ ಸಾಧನ ಎಂಬ ಅರ್ಥದಲ್ಲಿ ಲೌಡ್‌ಸ್ಪೀಕರಿಗೆ ಆಲಾ-ಎ-ಮುಕಬ್ಬಿರುಸ್ಸೌತ್ ಎಂಬ ಹೆಸರೂ ಇದೇ ಸಂಪ್ರದಾಯದ್ದು; ಸಭೆಯ ಕಾರ್ಯದರ್ಶಿ ಅದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಲ್ಲವನಾದರೆ ಅವನಿಗೆ ಆ ಸಾಧನದ ಅಗತ್ಯವೇ ಇರುವುದಿಲ್ಲ.

ಈ ವರ್ಗದಲ್ಲಿಯೂ ಪಂಗಡಗಳಿವೆ. ಮೂರಕ್ಷರದ ಅರಬ್ಬೀ ಧಾತುವಿನಿಂದ ಹುಟ್ಟದ ಶಬ್ದಕ್ಕೆ ಕುಲವೇ ಇಲ್ಲವೆಂದು ಒಬ್ಬರು ವಾದಿಸಿದರೆ, ಉರ್ದು ಆರ್ಯ ಮೂಲದ ಭಾಷೆಯಾದ್ದರಿಂದ ಅದಕ್ಕೆ ಫಾರಸಿ ಮತ್ತು ಹಿಂದಿಯ ಉಪಸರ್ಗ, ಪ್ರತ್ಯಯಗಳೇ ಒಗ್ಗುತ್ತವೆಂದು ಇನ್ನೊಬ್ಬರು ಪ್ರತಿವಾದಿಸುತ್ತಾರೆ; ಈ ಎರಡನೆಯ ಪಕ್ಷಕ್ಕೆ ವಹೀದುದ್ದೀನ್ ಸಲೀಮ್ ಅವರು 1921ರಲ್ಲಿ ಒಂದು ಗ್ರಂಥವನ್ನೇ ಬರೆದು ಶಾಸ್ತ್ರದ ಬಲವನ್ನು ಒದಗಿಸಿದರು. ವಿಷಯತಜ್ಞರು ಮತ್ತು ಭಾಷಾತಜ್ಞರು ಒಂದೇ ಮೇಜಿನ ಸುತ್ತ ಕೂರುವ ಸಮಿತಿಯಲ್ಲಿ, ಪದ ಅರ್ಥವಾಯಿತೇ ಎಂದು ವಿಜ್ಞಾನಿ ಕೇಳುವಾಗ ಅದರ ಬಹುವಚನ ಸರಿಯಾಯಿತೇ ಎಂದು ಮಹಾಶಯರು ಕೇಳುತ್ತಾರೆ, ಇಬ್ಬರಿಗೂ ತೃಪ್ತಿಯಾಗುವಷ್ಟರಲ್ಲಿ ಚಹಾ ಆರಿರುತ್ತದೆ. ಅವರನ್ನು ನಿಜವಾಗಿ ನೋಯಿಸುವುದು ಎದುರಾಳಿಯ ವಾದವಲ್ಲ, ಜನರ ಅವಸರ. ಟೆಲಿಗ್ರಾಫ್ ಬಂದಾಗ ಯಾರ ಅಪ್ಪಣೆಗೂ ಕಾಯದೆ ಉರ್ದುವಿನವರು ಅದನ್ನು ತಾರ್ ಎಂದರು, ಕನ್ನಡಿಗರು ತಂತಿ ಎಂದರು, ಸಮಿತಿಗೆ ಮಾಡಲು ಕೆಲಸವೇ ಉಳಿಯಲಿಲ್ಲ.

ಕಲಬುರ್ಗಿ, ರಾಯಚೂರು, ಬೀದರ್ ಜಿಲ್ಲೆಗಳು ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ಈ ಮಹಾಶಯರ ಪರಿಶ್ರಮದ ಫಲವನ್ನು ಕನ್ನಡದ ಮಕ್ಕಳೂ ಉಂಡರು. ಮನೆಯಲ್ಲಿ ಮೂಲೆ ಎನ್ನುತ್ತಿದ್ದುದನ್ನು ಉರ್ದು ಶಾಲೆಯ ಗಣಿತದಲ್ಲಿ ಜಾವಿಯಾ ಎಂದೂ, ತ್ರಿಕೋನವನ್ನು ಮುಸಲ್ಲಸ್ ಎಂದೂ ಕಲಿತ ಹುಡುಗ, ಕಡ್ಡಾಯವಾಗಿದ್ದ ಇಂಗ್ಲಿಷಿನಲ್ಲಿ ಅವುಗಳನ್ನು ಮೂರನೆಯ ಸಲ ಕಲಿಯುತ್ತಿದ್ದನು. ಕೋನ ಮಾತ್ರ ಮೂರು ಭಾಷೆಗಳಲ್ಲಿಯೂ ಅಷ್ಟೇ ಡಿಗ್ರಿ ಇರುತ್ತಿತ್ತು.

ಇಷ್ಟನ್ನು ಓದಿ ನಗುವ ಕನ್ನಡಿಗನು ತನ್ನ ಭಾಷೆಯ ಉಷ್ಣಮಾಪಕ, ಧ್ವನಿವರ್ಧಕಗಳನ್ನೂ ನೆನೆದುಕೊಳ್ಳುವುದು ನ್ಯಾಯ. ಅರಬ್ಬಿಯ ಜಾಗದಲ್ಲಿ ಸಂಸ್ಕೃತವನ್ನು ಇಟ್ಟರೆ ಅವು ಅಕ್ಷರಶಃ ಅದೇ ಕಾರ್ಖಾನೆಯ ಸರಕುಗಳೇ ಆಗಿವೆ, ಮತ್ತು ಧ್ವನಿವರ್ಧಕಕ್ಕೆ ಅನುಮತಿ ಕೋರಿ ಅರ್ಜಿ ಬರೆದವನೇ ಹೊರಗೆ ಬಂದು ಮೈಕು ಹಾಕಿಸಲು ಹೇಳುತ್ತಾನೆ. ಇಸ್ತಿಲಾಹ್‌ಸಾಜ್ ಮಹಾಶಯರ ಅನೇಕ ಪದಗಳು ಕೋಶದಲ್ಲಿಯೇ ಉಳಿದವು ಎಂಬುದು ನಿಜ. ಆದರೆ ಮನಶ್ಶಾಸ್ತ್ರಕ್ಕೆ ನಫ್ಸಿಯಾತ್, ಅರ್ಥಶಾಸ್ತ್ರಕ್ಕೆ ಮಆಶಿಯಾತ್ ಎಂಬ ಪದಗಳನ್ನು ಇಂದಿನ ಉರ್ದು ಓದುಗನು ಯಾರೋ ಕೂತು ಕಟ್ಟಿದ್ದೆಂಬ ಅನುಮಾನವೂ ಬಾರದಂತೆ ಬಳಸುತ್ತಾನೆ. 1948ರ ನಂತರ ಉಸ್ಮಾನಿಯಾದ ಬೋಧನೆ ಇಂಗ್ಲಿಷಿಗೆ ತಿರುಗುವವರೆಗೆ, ಸುಮಾರು ಮೂರು ದಶಕಗಳ ಕಾಲ, ವೈದ್ಯಕೀಯದಿಂದ ಕಾನೂನಿನವರೆಗೆ ಉನ್ನತ ಶಿಕ್ಷಣವು ಭಾರತೀಯ ಭಾಷೆಯೊಂದರಲ್ಲಿ ನಡೆದದ್ದು ಈ ಹಠಮಾರಿಗಳಿಂದಲೇ. ಪದಗಳೆಲ್ಲ ಸಿದ್ಧವಾಗಲಿ, ಆಮೇಲೆ ಕನ್ನಡದಲ್ಲಿ ಪಾಠ ಮಾಡೋಣ ಎಂದು ಕಾಯುವವರಿಗಿಂತ, ಪಾಠ ನಾಳೆಯಿದೆ, ಪದ ಇಂದೇ ಬೇಕು ಎಂದು ಕೂತವರು ನಗೆಪಾಟಲಾದರೂ ಮೇಲು.