ತಗ್ಗಿನೂರಿನ ಗತ್ತು

ಎತ್ತರದ ಜಾಗಕ್ಕೆ ಸಿಗುವ ಮರ್ಯಾದೆ ತಗ್ಗಿನ ಜಾಗಕ್ಕೆ ಸಿಗುವುದಿಲ್ಲ. ಬೆಟ್ಟದ ತುದಿ ಮುಟ್ಟಿದವರು ಬಾವುಟ ನೆಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ದೇಶದಲ್ಲೇ ತಗ್ಗಿನ ಜಾಗಕ್ಕೆ ಹೋಗಿಬಂದೆನೆಂದು ಬೀಗಿದವರನ್ನು ನಾನಂತೂ ಕಂಡಿಲ್ಲ. ಭೂಪಟ ಬಿಡಿಸಿ ಕೂತರೆ ಊಟದ ಹೊತ್ತು ಮರೆಯುವ ಚಟದವನಾದ ನನಗೆ ಈ ಪಕ್ಷಪಾತ ಸರಿಬರದು. ಹಾಗಾಗಿ ಜೆಕ್ ದೇಶದ ಪುಟ ತೆರೆದರೆ ಎಲ್ಲರೂ ಹುಡುಕುವ ಪ್ರಾಗ್ ಬಿಟ್ಟು, ಉತ್ತರದ ಅಂಚಿನಲ್ಲಿ ಜರ್ಮನಿಗೆ ಆತುಕೊಂಡಿರುವ ಹ್ರೆನ್ಸ್ಕೊ ಎಂಬ ಹಳ್ಳಿಯ ಮೇಲೆ ಬೆರಳಿಡುತ್ತೇನೆ. ಸಮುದ್ರಮಟ್ಟದಿಂದ 115 ಮೀಟರ್. ಇಡೀ ದೇಶದಲ್ಲಿ ಇದಕ್ಕಿಂತ ಕೆಳಗಿನ ನೆಲವಿಲ್ಲ.

ತಮಾಷೆಯೆಂದರೆ ಆ ದೇಶದ ಅತಿ ಎತ್ತರದ ಜಾಗವೂ ಗಡಿಯಲ್ಲೇ ಇದೆ. 1603 ಮೀಟರ್ ಎತ್ತರದ ಸ್ನೆಷ್ಕಾ ಬೆಟ್ಟದ ನೆತ್ತಿಯ ಮೇಲೆಯೇ ಪೋಲೆಂಡಿನ ಗಡಿ ಹಾಯುತ್ತದೆ. ಅದೇ ಬೆಟ್ಟಸಾಲಿನಲ್ಲಿ ಹುಟ್ಟುವ ಎಲ್ಬೆ ನದಿ (ಜೆಕ್ಕರಿಗೆ ಅದು ಲಾಬೆ) ಸುಮಾರು 370 ಕಿಲೋಮೀಟರ್ ದೇಶದೊಳಗೆ ಸುತ್ತಾಡಿ, ಹ್ರೆನ್ಸ್ಕೊ ಬಳಿ ಹೊಸ್ತಿಲು ದಾಟುತ್ತದೆ. ದಾಟುವುದೂ ಒಂದೇ ಏಟಿಗಲ್ಲ. ಸ್ವಲ್ಪ ದೂರ ಗಡಿ ನದಿಯ ನಡುವೆಯೇ ಸಾಗುತ್ತದೆ: ಈಚೆ ದಡ ಜೆಕ್, ಆಚೆ ದಡದ ಷೋನಾ ಜರ್ಮನಿ. ಕಾಮೆನಿಟ್ಸೆ ಎಂಬ ಹೊಳೆ ಮರಳುಗಲ್ಲಿನ ಬಂಡೆಗಳನ್ನು ಕೊರೆದುಕೊಂಡು ಬಂದು ಇಲ್ಲಿ ಎಲ್ಬೆಯನ್ನು ಕೂಡುತ್ತದೆ. ಆ ಕೊರಕಲಲ್ಲೇ ಊರು. ಅಗಲವಾಗಲು ಜಾಗವಿಲ್ಲದೆ, ಹಿಂದೆ ಬಂಡೆ ಮುಂದೆ ಹೊಳೆ ಎಂದು ಮನೆಗಳು ಸಾಲಾಗಿ ನಿಂತಿವೆ.

ಶೇಕ್ಸ್‌ಪಿಯರ್ ‘ದಿ ವಿಂಟರ್ಸ್ ಟೇಲ್’ ನಾಟಕದಲ್ಲಿ ಈ ಸೀಮೆಗೆ, ಎಂದರೆ ಬೊಹೀಮಿಯಾಕ್ಕೆ, ಸಮುದ್ರತೀರವನ್ನೇ ದಯಪಾಲಿಸಿದ. ಅಲ್ಲೆಲ್ಲಿಯ ಸಮುದ್ರವೆಂದು ಅವನ ಕಾಲದ ಬೆನ್ ಜಾನ್ಸನ್ನನೇ ಲೇವಡಿ ಮಾಡಿದ್ದ. ಮೂರು ಶತಮಾನದ ನಂತರ ಕವಿಯ ಮಾತು ಅರ್ಧ ನಿಜವಾಯಿತು. ವರ್ಸೇಲ್ಸ್ ಒಪ್ಪಂದದ ಫಲವಾಗಿ ಆಗಿನ ಚೆಕೊಸ್ಲೊವಾಕಿಯಾಕ್ಕೆ ಇದೇ ಎಲ್ಬೆಯ ದಡದ ಹ್ಯಾಂಬರ್ಗ್ ಬಂದರಿನಲ್ಲಿ ಒಂದು ತುಂಡು ಜಾಗ 1929ರಿಂದ 99 ವರ್ಷಕ್ಕೆ ಗುತ್ತಿಗೆಗೆ ಸಿಕ್ಕಿತು. ಸಮುದ್ರವಿಲ್ಲದ ದೇಶದ ಸಮುದ್ರದ ಬಾಗಿಲು ಹ್ರೆನ್ಸ್ಕೊ ಎಂದಾಯಿತು. ಗುತ್ತಿಗೆ 2028ಕ್ಕೆ ಮುಗಿಯುತ್ತದೆ.

ತಗ್ಗಿನಲ್ಲಿ ಇರುವವರಿಗೆ ಒಂದು ಅನುಕೂಲ: ಎಲ್ಲವೂ ತಾನಾಗಿ ಹರಿದು ಬರುತ್ತದೆ. ಮೊದಲು ಬಂದದ್ದು ಮರ. ಮೇಲಿನ ಕಾಡುಗಳಲ್ಲಿ ಕಡಿದ ದಿಮ್ಮಿಗಳನ್ನು ಕಾಮೆನಿಟ್ಸೆಯಲ್ಲಿ ತೇಲಿಬಿಟ್ಟು, ಇಲ್ಲಿ ತೆಪ್ಪ ಕಟ್ಟಿ ಗಡಿಯಾಚೆಯ ಜರ್ಮನ್ ನಾಡಾದ ಸ್ಯಾಕ್ಸನಿಗೆ ಸಾಗಿಸುತ್ತಿದ್ದರು. ತೆಪ್ಪದವರಿಗೆ ದಣಿವಾರಿಸಿಕೊಳ್ಳಲು ಒಂದು ಜಾಗ ಬೇಕಲ್ಲ? ಗುಡಿಯ ಸುತ್ತ ಬೆಳೆದ ಊರುಗಳುಂಟು, ಕೋಟೆಯ ಸುತ್ತ ಬೆಳೆದವುಂಟು. ಇದು ಹೆಂಡದಂಗಡಿಯ ಸುತ್ತ ಬೆಳೆದದ್ದು. ಆಮೇಲೆ ಬಂದವರು ಚಿತ್ರಕಾರರು. ಹದಿನೆಂಟನೇ ಶತಮಾನದಲ್ಲಿ ಡ್ರೆಸ್ಡೆನ್‌ನಲ್ಲಿದ್ದ ಏಡ್ರಿಯನ್ ಸಿಂಗ್, ಆಂಟನ್ ಗ್ರಾಫ್ ಎಂಬ ಇಬ್ಬರು ಸ್ವಿಸ್ ಕಲಾವಿದರಿಗೆ ಈ ಬಂಡೆಗಳ ನಾಡನ್ನು ನೋಡಿ ತವರು ನೆನಪಾಯಿತಂತೆ. ಹಿಮವಿಲ್ಲ, ಆಲ್ಪ್ಸ್ ಇಲ್ಲ. ಆದರೂ ಗಡಿಯ ಆಚೆಗೆ ಸ್ಯಾಕ್ಸನ್ ಸ್ವಿಟ್ಜರ್ಲೆಂಡ್, ಈಚೆಗೆ ಬೊಹೀಮಿಯನ್ ಸ್ವಿಟ್ಜರ್ಲೆಂಡ್. ತವರಿನ ನೆನಪಾದರೆ ಮನುಷ್ಯನಿಗೆ ಏನು ಬೇಕಾದರೂ ಕಾಣುತ್ತದೆ.

ಮೂರನೆಯವರು ಪ್ರವಾಸಿಗರು. 1877ರಲ್ಲಿ ಐದು ಜನ ಇಲ್ಲಿನ ಒಂದು ಪಾನಗೃಹದಲ್ಲಿ ಕೂತು, ಕಾಮೆನಿಟ್ಸೆಯ ಕಂದರವನ್ನು ತೆಪ್ಪದ ಮೇಲೆ ದಾಟುತ್ತೇವೆಂದು ಬಾಜಿ ಕಟ್ಟಿ, ದಾಟಿಯೂ ಬಿಟ್ಟರು ಎನ್ನುತ್ತಾರೆ. ಕುಡಿದ ಮಾತು ಬೆಳಗಾಗುವಷ್ಟರಲ್ಲಿ ಇಳಿಯುವುದು ವಾಡಿಕೆ, ಇದು ಇಳಿಯಲಿಲ್ಲ. ಆ ಪ್ರದೇಶದ ಒಡೆಯ ಎಡ್ಮಂಡ್ ಕ್ಲಾರಿ-ಆಲ್ಡ್ರಿಂಗನ್ ಎಂಬ ರಾಜಕುಮಾರ ಬಂಡೆಯಲ್ಲಿ ಸುರಂಗ ಕೊರೆಸಿ, ಕಾಲುದಾರಿ ಮಾಡಿಸಿ, 1890ರಲ್ಲಿ ದೋಣಿ ಓಡಿಸತೊಡಗಿದ. ಅಂಬಿಗ ಉದ್ದನೆಯ ಗಳುವನ್ನು ಬಂಡೆಗೆ ಒತ್ತಿ ದೋಣಿ ನೂಕುತ್ತ, ಯಾವ ಕಲ್ಲು ಯಾವ ಪ್ರಾಣಿಯಂತಿದೆ ಎಂದು ತೋರಿಸುತ್ತಿದ್ದ, ಕೂತವರು ಹೌದೆನ್ನಬೇಕಿತ್ತು. ವ್ಯಾಪಾರದಲ್ಲಿ ಪಕ್ಕದ ಸ್ಯಾಕ್ಸನಿಯವರೇನೂ ಹಿಂದೆ ಬಿದ್ದವರಲ್ಲ. ಅಲ್ಲಿನ ಲಿಖ್ಟನ್‌ಹೈನ್ ಎಂಬಲ್ಲಿ 1830ರಲ್ಲೇ ಸಣ್ಣ ತೊರೆಗೆ ಕಟ್ಟೆ ಕಟ್ಟಿ, ಕಾಸು ಕೊಟ್ಟವರಿಗೆ ನೀರು ಬಿಟ್ಟು ಜಲಪಾತ ತೋರಿಸುತ್ತಿದ್ದರು, ಸಂಗೀತದ ಸಮೇತ! 2021ರ ಪ್ರವಾಹ ಬಂದು ಆ ಕಟ್ಟೆಯನ್ನು ಕೆಡವಿತು. ಪುಕ್ಕಟೆ ನೀರು ಅಂದು ಮಿತಿಮೀರಿ ಬಂದಿತ್ತು.

ಬಂದವರೆಲ್ಲ ನಗುತ್ತ ಬಂದವರಲ್ಲ. ಹ್ರೆನ್ಸ್ಕೊದಲ್ಲಿ ಹಿಂದೆ ಇದ್ದವರು ಹೆಚ್ಚಾಗಿ ಜರ್ಮನ್ ಮಾತಾಡುವವರು. ಊರಿಗೆ ಹೆರ್ನ್‌ಸ್ಕ್ರೆಚೆನ್ ಎಂಬ ಹೆಸರೂ ಇತ್ತು. 1938ರ ಮ್ಯೂನಿಕ್ ಒಪ್ಪಂದದಿಂದ ಗಡಿನಾಡು ಹಿಟ್ಲರನ ಪಾಲಾಯಿತು. ಯುದ್ಧ ಮುಗಿದ ಮೇಲೆ ಚೆಕೊಸ್ಲೊವಾಕಿಯಾ ಸುಮಾರು 30 ಲಕ್ಷ ಜರ್ಮನ್ನರನ್ನು ಹೊರಗಟ್ಟಿತು. ಮನೆಗಳು ನಿಂತಲ್ಲೇ ನಿಂತವು, ಒಳಗಿನವರು ಬದಲಾದರು.

1989ರಲ್ಲಿ ಕಮ್ಯುನಿಸ್ಟ್ ಆಡಳಿತ ಉರುಳಿದ ಮೇಲೆ ಇನ್ನೊಂದು ಅಧ್ಯಾಯ. ಕಾರ್ಖಾನೆಗಳಲ್ಲಿ ದುಡಿಯಲೆಂದು ಬಂದು ಅಲ್ಲೇ ಉಳಿದ ವಿಯೆಟ್ನಾಮಿಗಳು ಗಡಿಯೂರುಗಳಲ್ಲಿ ಅಂಗಡಿ ತೆರೆದರು. ಹ್ರೆನ್ಸ್ಕೊದ ಬೀದಿಯಲ್ಲಿ ಸಿಗರೇಟು, ಮದ್ಯ, ಬಟ್ಟೆ, ಜೊತೆಗೆ ತೋಟದಲ್ಲಿಡುವ ಕೆಂಪು ಟೋಪಿಯ, ಬಿಳಿ ಗಡ್ಡದ ಕುಳ್ಳ ಬೊಂಬೆಗಳು. ಜರ್ಮನ್ನರ ಅಂಗಳದ ಬೊಂಬೆಯನ್ನು ಜೆಕ್ ನೆಲದಲ್ಲಿ ವಿಯೆಟ್ನಾಮಿ ಅಂಗಡಿಯವನು ಜರ್ಮನ್ನರಿಗೇ ಮಾರುವುದು! ಯಾತ್ರಾ ಪುಸ್ತಕಗಳು ಈ ಅಂಗಡಿಸಾಲನ್ನು ನೋಡಿ ಮೂಗು ಮುರಿಯುತ್ತವೆ. ನನಗೆ ಇದರಲ್ಲಿ ತಪ್ಪೇನೂ ಕಾಣದು. ಬಂದುಹೋಗುವವರನ್ನೇ ನಂಬಿ ಬದುಕಿದ ಊರು ಮತ್ತೇನು ಮಾಡೀತು?

2022ರ ಬೇಸಿಗೆಯಲ್ಲಿ ಮಾತ್ರ ಬೆಂಕಿ ಬಂತು. ತೊಗಟೆ ಕೊರೆಯುವ ದುಂಬಿಗೆ ಸಿಕ್ಕಿ ಒಣಗಿ ನಿಂತಿದ್ದ ಸ್ಪ್ರೂಸ್ ಮರಗಳು ಜುಲೈ ಕೊನೆಗೆ ಹೊತ್ತಿಕೊಂಡವು. ಸುಮಾರು ಸಾವಿರ ಹೆಕ್ಟೇರ್ ಕಾಡು ಬೆಂಕಿಗೆ ಸಿಕ್ಕಿತು, ಊರು ಖಾಲಿ ಮಾಡಿಸಿದರು, ಇಟಲಿ ಮತ್ತು ಸ್ವೀಡನ್‌ನಿಂದ ನೀರು ಸುರಿಯುವ ವಿಮಾನಗಳು ಬಂದವು. ಅದೇ ಬೇಸಿಗೆಯಲ್ಲಿ ನದಿ ಬತ್ತಿ, ಮೇಲ್ಗಡೆಯ ಜೆಚೀನ್ ಪಟ್ಟಣದಲ್ಲಿ, ಬರ ಬಂದಾಗಲಷ್ಟೇ ನೀರಿನಿಂದ ಮೇಲೇಳುವ ಹಸಿವಿನ ಕಲ್ಲು ಎದ್ದು ಕಂಡಿತು. ಅದರ ಮೇಲೆ ಓದಲು ಸಿಗುವ ಅತಿ ಹಳೆಯ ಬರಗಾಲದ ಇಸವಿ 1616. ನನ್ನನ್ನು ಕಂಡರೆ ಅಳು ಎಂದು ಜರ್ಮನ್ ಭಾಷೆಯಲ್ಲಿ ಕೊರೆದ ಕಲ್ಲು ಅದು.

ಹೋಗುವವರಿಗೆ ಒಂದು ಮಾತು. ಡ್ರೆಸ್ಡೆನ್‌ನಿಂದ ಲೋಕಲ್ ರೈಲು ಹತ್ತಿ ಕೊನೆಯ ನಿಲ್ದಾಣ ಷೋನಾದಲ್ಲಿ ಇಳಿದರೆ, ದೋಣಿಯಲ್ಲಿ ನದಿ ದಾಟಿ ಹ್ರೆನ್ಸ್ಕೊ ಸೇರಬಹುದು. ಮೇಲೆ ಕಾಡಿನಲ್ಲಿರುವ ಪ್ರಾವ್‌ಚಿಟ್ಸ್ಕಾ ಬ್ರಾನಾ ಎಂಬ ಕಲ್ಲಿನ ಕಮಾನನ್ನು ನೋಡದೆ ಬರಬೇಡಿ, 26.5 ಮೀಟರ್ ಅಗಲದ ಅದು ಮರಳುಗಲ್ಲಿನ ನೈಸರ್ಗಿಕ ಕಮಾನುಗಳಲ್ಲಿ ಯೂರೋಪಿಗೇ ದೊಡ್ಡದು. ಕಮಾನಿನ ಮೇಲೆ ಹತ್ತುತ್ತೇವೆಂದು ಮಾತ್ರ ಹಟ ಹಿಡಿಯಬೇಡಿ. ಕಲ್ಲು ಸವೆಯುತ್ತಿದೆಯೆಂದು 1982ರಿಂದ ಯಾರನ್ನೂ ಬಿಡುತ್ತಿಲ್ಲ.